ಹಿಂದಿನ ಓಣಿಯ ಬಿಸಿಗಾಳಿ

ನನ್ನ ಕೆಲಸ ಏನು ಎಂದು ಕೇಳಿದವರಿಗೆ ಸರಿಯಾಗಿ ಹೇಳಲು ಹೋಗಿ ನಾನು ಬಹಳ ಸಲ ಸೋತಿದ್ದೇನೆ. ಕಂಪ್ಯೂಟರ್ ಕೆಲಸವೇ? ಅಲ್ಲ. ಕರೆಂಟಿನ ಕೆಲಸವೇ? ಅದೂ ಪೂರ್ತಿ ಅಲ್ಲ. ಸಿಂಧನೂರಿನಲ್ಲಿ ನಮ್ಮ ಕಂಪನಿಯದೊಂದು ಸರ್ವರ್ ಕೋಣೆ ಇದೆ. ಅಕ್ಕಿ ಗಿರಣಿಗಳ ಲೆಕ್ಕ, ಆಸ್ಪತ್ರೆಗಳ ಸ್ಕ್ಯಾನಿಂಗ್ ಚಿತ್ರ, ಊರಿನ ಎಷ್ಟೋ ಮನೆಗಳ ಇಂಟರ್‌ನೆಟ್ಟು, ಎಲ್ಲವೂ ಆ ಕೋಣೆಯ ಕಬ್ಬಿಣದ ಕಪಾಟುಗಳಲ್ಲಿ ಕೂತಿವೆ. ಮಸ್ಕಿಯಲ್ಲೊಂದು, ಲಿಂಗಸುಗೂರಿನಲ್ಲೊಂದು ಸಣ್ಣ ಕೋಣೆಗಳಿವೆ. ಆ ಯಂತ್ರಗಳ ಹೊಟ್ಟೆಯಲ್ಲಿ ಏನಿದೆ ಎಂಬುದು ನನಗೆ ಸಂಬಂಧವಿಲ್ಲ. ಅವುಗಳಿಗೆ ಕರೆಂಟು ತಪ್ಪಬಾರದು, ಅವು ಬಿಸಿಯಾಗಬಾರದು. ಇವೆರಡೇ ನನ್ನ ಹೊಣೆ. ಯುಪಿಎಸ್, ಬ್ಯಾಟರಿ, ಜನರೇಟರ್, ಏಸಿ ಇವುಗಳ ಯೋಗಕ್ಷೇಮ ನೋಡಿಕೊಳ್ಳುತ್ತ ಸ್ಕೂಟಿಯ ಮೇಲೆ ಮೂರೂ ಊರು ಅಲೆಯುತ್ತೇನೆ. ನಮ್ಮತ್ತೆ ಬೀಗರ ಮುಂದೆ ಇದನ್ನು ಬಹಳ ಸುಲಭ ಮಾಡಿ ಹೇಳುತ್ತಾರೆ: "ನಮ್ಮ ಸೊಸಿ ಮಿಷಿನ್ನಿಗೆ ಗಾಳಿ ಬೀಸ್ತಾಳ." ಮೊದಲು ಸಿಟ್ಟು ಬರುತ್ತಿತ್ತು. ಈಗ ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಹೊಳೆಯುವುದಿಲ್ಲ.

ನಮ್ಮ ಕಸುಬಿನಲ್ಲಿ ಎನ್ ಪ್ಲಸ್ ಒನ್ ಎಂಬ ಮಾತಿದೆ. ಬೇಕಾದದ್ದು ಎಷ್ಟೋ ಅಷ್ಟು ಇರಲಿ, ಮೇಲೊಂದು ಹೆಚ್ಚಿಗೆ ಇರಲಿ ಎಂದರ್ಥ. ಒಂದು ಏಸಿ ಸಾಕಾಗುವಲ್ಲಿ ಎರಡು. ಒಂದು ವಾರ ಎಡಗಡೆಯದು ದುಡಿದರೆ ಬಲಗಡೆಯದಕ್ಕೆ ವಿಶ್ರಾಂತಿ, ಮುಂದಿನ ವಾರ ಅದಲುಬದಲು. ಸರಕಾರಿ ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಇಳಿಯುವುದರೊಳಗೆ ಜನರೇಟರ್. ಯಾವುದೂ ಒಂಟಿಯಾಗಿ ಇರಕೂಡದು. ಒಂದು ಕೆಟ್ಟರೆ ಎಲ್ಲ ನಿಂತುಹೋಗುವಂಥ ವಸ್ತು ಕೋಣೆಯಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕುವುದಕ್ಕೇ ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಜನ ಬರುತ್ತಾರೆ. ಮನುಷ್ಯರ ಬಗ್ಗೆ ಇಷ್ಟು ಕಾಳಜಿ ಮಾಡಿದವರನ್ನು ನಾನಂತೂ ನೋಡಿಲ್ಲ.

ಇನ್ನೊಂದು ನಿಯಮ ನೀರಿನದು. ಸರ್ವರ್ ಕೋಣೆಯ ಹತ್ತಿರ ನೀರಿನ ಪೈಪು ಹಾಯಬಾರದು. ಸೋರಿದರೆ ಎಲ್ಲ ಹಾಳು. ಕಟ್ಟಡವೇ ಸಣ್ಣದು, ಆದ್ದರಿಂದ ಅಲ್ಲಿ ಸಂಡಾಸವೇ ಇಲ್ಲ. ನಕ್ಷೆ ಬರೆದ ಪುಣ್ಯಾತ್ಮನಿಗೆ ಇಲ್ಲಿ ಹೆಣ್ಣೊಬ್ಬಳು ಕೆಲಸಕ್ಕೆ ಬರಬಹುದು ಎಂದು ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಗಂಡಸರು ಹೇಗೋ ನಿಭಾಯಿಸುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಹಿಂದಿನ ಓಣಿಗೆ ಹೋಗಿ, ಕಂಡ ಮೊದಲ ಬಾಗಿಲು ತಟ್ಟಿದೆ.

ಬಾಗಿಲು ತೆಗೆದವಳು ಐವತ್ತು ದಾಟಿದ ಹೆಂಗಸು. ನನ್ನ ಮುಖ ನೋಡಿದವಳೇ ಏನು ಎತ್ತ ಕೇಳದೆ ಹಿತ್ತಲ ಕಡೆ ಕೈ ತೋರಿಸಿದಳು. ನಾನು ಹೊರಗೆ ಬಂದ ಮೇಲೆ ಕೇಳಿದಳು.

"ಯಾರ ಮನಿ ಹುಡುಗಿ ಬೇ ನೀ? ಇಷ್ಟೊತ್ತನಾ ತಡಕೊಂಡು ಕುಂತಿದ್ದೇನು? ದಿನಾ ಬಾ. ನನಗ್ಯಾಕ ಕೇಳ್ತಿ, ಬಾಗಿಲಾ ತೆಗದ ಇರ್ತೈತಿ."

ಅವತ್ತಿನಿಂದ ನಾನು ಆಕೆಯನ್ನು ದೊಡ್ಡವ್ವ ಎಂದು ಕರೆದೆ. ತುರ್ವಿಹಾಳದ ಹೆಣ್ಣು. ಗಂಡ ಹಮಾಲಿ ಮಾಡಿ ಎರಡು ಕೋಣೆಯ ತಗಡಿನ ಮನೆ ಕಟ್ಟಿ, ಅದರಲ್ಲಿ ಹೆಚ್ಚು ದಿನ ಇರದೆ ತೀರಿಕೊಂಡಿದ್ದ. ಮಕ್ಕಳಿಲ್ಲ. ಬತ್ತದ ಗದ್ದೆಗಳಲ್ಲಿ ನಾಟಿ ಮಾಡುತ್ತ ಬದುಕು ಸಾಗಿಸಿದವಳು. ವರ್ಷಗಟ್ಟಲೆ ಕೆಸರು ನೀರಿನಲ್ಲಿ ಬಗ್ಗಿ ನಿಂತು ಮೊಣಕಾಲು ಹೋಗಿದ್ದವು. ತುರ್ವಿಹಾಳದಲ್ಲಿ ಅಣ್ಣನ ದೊಡ್ಡ ಮನೆ ಇತ್ತು, ಅಣ್ಣ ಒಳ್ಳೆಯವನು, ಬಂದು ಇರು ಎಂದು ಪ್ರತಿ ಹಬ್ಬಕ್ಕೂ ಕರೆಯುತ್ತಿದ್ದ. ದೊಡ್ಡವ್ವ ಹೋಗುತ್ತಿದ್ದಳು, ಹಬ್ಬ ಮುಗಿದ ಮರುದಿನ ತಿರುಗಿ ಬರುತ್ತಿದ್ದಳು.

"ಅಣ್ಣ ಚಲೋ ಅದಾನಬೇ. ಅತ್ತಿಗೀನೂ ಕೆಟ್ಟಾಕಿ ಅಲ್ಲ," ಎನ್ನುತ್ತಿದ್ದಳು. "ಆದ್ರ ಮಂದಿ ಮನಿ ಒಲಿ ಮುಂದ ಕುಂತ್ರ, ಒಂದು ಕಟ್ಟಿಗಿ ಹಿಂದ ಎಳೀಬೇಕಂದ್ರೂ ಕೇಳಿ ಎಳೀಬೇಕು. ನನಗ ಅದು ಆಗಂಗಿಲ್ಲ."

ಇದನ್ನು ಆಕೆ ನನಗೆ ಎಷ್ಟು ಸಲ ಹೇಳಿದ್ದಳೋ. ಆಕೆಗೆ ಬೇಕಾದದ್ದು ಅಷ್ಟೇ ಇತ್ತು: ತನ್ನ ಮನೆಯಲ್ಲಿ ತಾನಿರಬೇಕು, ತನ್ನ ಒಲೆ ತನ್ನದಾಗಿರಬೇಕು.

ಆ ಮನೆಗೂ ನಮ್ಮ ಕೋಣೆಗೂ ನಡುವೆ ಒಂದು ಎತ್ತಿನಗಾಡಿ ಹಾಯುವಷ್ಟು ಅಗಲದ ಓಣಿ. ನಮ್ಮ ಹಿಂದಿನ ಗೋಡೆಗೆ ಎರಡೂ ಏಸಿಗಳ ಹೊರಡಬ್ಬಿಗಳನ್ನು ಜಡಿದಿದ್ದರು. ಡಬ್ಬಿ ಎಂದರೆ ಸಣ್ಣದಲ್ಲ, ಮನೆಯ ಬೀರುವಿನಷ್ಟು ಎತ್ತರ. ಬಹಳ ಜನ ಏಸಿ ಎಂದರೆ ತಂಪನ್ನು ತಯಾರಿಸುವ ಯಂತ್ರ ಎಂದುಕೊಂಡಿದ್ದಾರೆ. ತಂಪನ್ನು ಯಾರೂ ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಒಗೆಯುತ್ತಾರೆ, ಅಷ್ಟೇ. ನಮ್ಮ ಕಾಗದಪತ್ರಗಳಲ್ಲಿ ಈ ಬಿಸಿಗೆ ಹೀಟ್ ಲೋಡ್ ಎನ್ನುತ್ತಾರೆ, ಹೊರೆ ಎಂದು. ಹೊರೆ ಇಳಿಸಿದ ಮೇಲೆ ಅದು ಯಾರ ತಲೆಯ ಮೇಲೆ ಬಿತ್ತು ಎಂದು ಬರೆಯುವುದಕ್ಕೆ ಆ ಕಾಗದಗಳಲ್ಲಿ ಜಾಗ ಇರುವುದಿಲ್ಲ. ನಮ್ಮ ಹೊರೆ ನೇರವಾಗಿ ದೊಡ್ಡವ್ವನ ಕಿಟಕಿಗೆ ಬೀಳುತ್ತಿತ್ತು.

ಮೊದಲ ಬೇಸಿಗೆ ಆಕೆಗೆ ನರಕವಾಯಿತು. ಸಿಂಧನೂರಿನ ಬಿಸಿಲೇ ಸಾಲದು ಎಂಬಂತೆ ಹಗಲೂ ರಾತ್ರಿ ಆ ಬಿಸಿಗಾಳಿ. ಕಿಟಕಿ ಮುಚ್ಚಿದರೆ ಒಳಗೆ ಉಸಿರು ಕಟ್ಟುತ್ತಿತ್ತು, ತೆಗೆದರೆ ನಾದಿಟ್ಟ ಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು. ಗೋಡೆ ಮುಟ್ಟಿದರೆ ಹಂಚು ಮುಟ್ಟಿದಂತಿತ್ತು. ಆ ದಿನಗಳಲ್ಲಿ ದೊಡ್ಡ ಕಚೇರಿಯಿಂದ ಒಬ್ಬ ಸಾಹೇಬರು ಕೋಣೆ ನೋಡಲು ಬಂದರು. ಅವರು ಕಾರು ಹತ್ತುವ ಹೊತ್ತಿಗೆ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಮಿಷಿನ್ ತಣ್ಣಗ ಮಕ್ಕೊಳ್ಳಾಕ ನಾ ಬೆಂದು ಸಾಯ್ಬೇಕೇನ್ರೀ? ಬರ್ರಿ, ನಮ್ಮ ಮನ್ಯಾಗ ಒಂದು ತಾಸು ಕುಂದುರ್ರಿ, ಆಮ್ಯಾಲ ಹೋಗ್ರಿ. ಆ ಡಬ್ಬಿ ತಗಿಸ್ರಿ ಮೊದಲ!"

ಸಾಹೇಬರು ಪಾಪ, ಕೈಮುಗಿದರು. ಓಣಿಯ ಫೋಟೋ ತೆಗೆದುಕೊಂಡರು, ಮೊಬೈಲಿನಲ್ಲಿ ದೂರು ಬರೆದುಕೊಂಡರು, ಖಂಡಿತ ಏನಾದರೂ ಮಾಡುತ್ತೇವಮ್ಮ ಎಂದರು. ನಾನು ಗೋಡೆಯ ಮರೆಯಲ್ಲಿ ನಿಂತು ಹಿಗ್ಗುತ್ತಿದ್ದೆ. ಹೇಳಬೇಕಾದ ಮಾತನ್ನು ಹೇಳಬೇಕಾದವರ ಮುಖಕ್ಕೆ ಹೊಡೆದಂತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಇಷ್ಟ. ಸಾಹೇಬರು ಹೋದರು, ದೂರು ಅವರ ಜೊತೆ ಹೋಯಿತು. ಆಮೇಲೆ ಎರಡರ ಸುದ್ದಿಯೂ ಇಲ್ಲ.

ಮಳೆಗಾಲ ಬಂತು. ಒಂದು ಶ್ರಾವಣದಲ್ಲಿ ನಾಲ್ಕಾರು ದಿನ ಬಿಡದೆ ಜಿಟಿಜಿಟಿ ಹಿಡಿದಾಗ, ಓಣಿಯವರ ಸೀರೆ ಧೋತರ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿದ್ದವು. ದೊಡ್ಡವ್ವ ನಮ್ಮ ಡಬ್ಬಿಯ ಮುಂದೆ ಹಗ್ಗ ಕಟ್ಟಿ ಸೀರೆ ಹಾಕಿದಳು. ಚಹಾ ಕುದಿಯುವುದರೊಳಗೆ ಸೀರೆ ಗರಿಗರಿ ಆಯಿತು. ಆಕೆ ಅದನ್ನು ಮಡಚಿ ಇಟ್ಟು, ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಏನು ನೋಡುತ್ತಿದ್ದೀ ಎಂದರೆ, "ಸುಮ್ಮಕಿರು, ಯೋಚನಿ ಮಾಡಾಕತ್ತೀನಿ," ಎಂದಳು.

ಯೋಚನೆ ಶಾವಿಗೆಯದು. ನಮ್ಮ ಕಡೆ ಶಾವಿಗೆ ಮಾಡುವುದು ಬೇಸಿಗೆಯಲ್ಲಿ. ಬಿಸಿಲು ಬೇಕಲ್ಲ. ಆಗ ಪ್ರತಿ ಮನೆಯವರೂ ಮಾಡಿಕೊಳ್ಳುತ್ತಾರೆ, ಯಾರೂ ಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಒಮ್ಮೆಲೇ ಮದುವೆಯೋ ಸೀಮಂತವೋ ಬಂದರೆ ಕೈಯಿಂದ ಎಳೆದ ಶಾವಿಗೆ ಎಲ್ಲೂ ಸಿಗುವುದಿಲ್ಲ. ಒಣಗಿಸುವುದು ಎಲ್ಲಿ? ದೊಡ್ಡವ್ವನ ಮನೆಯೆದುರಿಗೋ ಮಳೆಗಾಲವಿಲ್ಲದ, ಮೋಡವಿಲ್ಲದ ಗಾಳಿ ಹಗಲಿರುಳು ಬೀಸುತ್ತಿತ್ತು.

ಮೊದಲ ಸಲ ಮಾಡಿದ್ದು ಹಾಳಾಯಿತು. ಹಸಿ ಶಾವಿಗೆಯನ್ನು ನೇರ ಗಾಳಿಗೆ ಹಿಡಿದಿದ್ದರಿಂದ ಮೇಲೆ ಮಾತ್ರ ಒಣಗಿ, ಕೈಯಲ್ಲಿ ಹಿಡಿದರೆ ಪುಡಿಯಾಯಿತು. ಆಮೇಲೆ ಒಂದು ರೀತಿ ಕಂಡುಕೊಂಡಳು. ಹೊರಸನ್ನು, ಎಂದರೆ ಹಗ್ಗದ ಮಂಚವನ್ನು, ಅಡ್ಡ ನಿಲ್ಲಿಸಿ, ಅದಕ್ಕೆ ಕೋಲು ಸಿಕ್ಕಿಸಿ ಶಾವಿಗೆ ಇಳಿಬಿಡುವುದು. ಡಬ್ಬಿಗೂ ಹೊರಸಿಗೂ ನಡುವೆ ಹಳೆಯ ತೆಳು ಸೀರೆಯೊಂದನ್ನು ಒದ್ದೆ ಮಾಡಿ ಕಟ್ಟುವುದು. ಸೀರೆ ಒಣಗುವ ಹೊತ್ತಿಗೆ ಶಾವಿಗೆ ಒಳಗೂ ಹೊರಗೂ ಸಮನಾಗಿ ಬಿಗಿಯುತ್ತಿತ್ತು. ಆಮೇಲೆ ಸೀರೆ ತೆಗೆದು ಪೂರ್ತಿ ಗಾಳಿಗೆ ಬಿಡುವುದು. ಸೀರೆಯಿಂದ ಧೂಳೂ ತಡೆಯುತ್ತಿತ್ತು. ಸುಗ್ಗಿಯಲ್ಲಿ ಗಿರಣಿಗಳ ತೌಡು ಹೊಟ್ಟು ಊರಿನ ಗಾಳಿಯಲ್ಲೆಲ್ಲ ಹಾರಾಡುತ್ತದೆ, ನಮ್ಮ ಡಬ್ಬಿಗಳ ಜಾಲರಿಯೊಳಗೂ ಕೂರುತ್ತದೆ. ಆ ದಿನಗಳಲ್ಲಿ ನಾನು ನೀರು ಹೊಡೆದು ಜಾಲರಿ ತೊಳೆಯುತ್ತಿದ್ದೆ, ಆಕೆ ಬಕೆಟ್ಟು ತುಂಬಿ ಕೊಡುತ್ತಿದ್ದಳು.

ನಾನು ನೆಲದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದೆ. ಹೊರಸು ಗೆರೆಯಿಂದಾಚೆಗೇ ಇರಬೇಕು. ಹತ್ತಿರ ಬಂದರೆ ಬಿಸಿಗಾಳಿ ತಿರುಗಿ ಡಬ್ಬಿಗೇ ಹೊಡೆದು, ಒಳಗಿನ ಯಂತ್ರಗಳು ಕಾಯುತ್ತವೆ. "ನನ್ನ ಓಣ್ಯಾಗ ನನಗ ಗೆರಿ ಎಳದಾಳ ನೋಡ್ರಿ ಈಕಿ," ಎಂದು ಓಣಿಯವರಿಗೆಲ್ಲ ದೂರಿದಳು, ಆದರೆ ಒಂದು ದಿನವೂ ದಾಟಲಿಲ್ಲ. ಸೋಮವಾರ ಏಸಿ ಅದಲುಬದಲಾದಾಗ ನಾನು ಕಿಟಕಿ ತಟ್ಟಿ "ದೊಡ್ಡವ್ವ, ಈ ವಾರ ಬಲಕ್ಕ," ಎನ್ನುತ್ತಿದ್ದೆ. ಆಕೆ ಹೊರಸು ಎಳೆದುಕೊಂಡು ಬಲಕ್ಕೆ ಹೋಗುತ್ತಿದ್ದಳು. ನಾನು ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ಇದ್ದಾಗ ಏಸಿ ಏನಾದರೂ ನಿಂತರೆ, ಅಲಾರಂ ಸಂದೇಶದ ಜೊತೆಗೇ ಆಕೆಯ ಫೋನೂ ಬರುತ್ತಿತ್ತು. "ಯವ್ವಾ, ನಿನ್ನ ಗಾಳಿ ನಿಂತೈತಿ, ಎಲ್ಲಿ ಹಾಳಾಗಿ ಹೋಗೀದಿ?" ಎಂದು ಬೈಗುಳದಿಂದಲೇ ಮಾತು ಶುರು.

ಹೀಗೆ ವರ್ಷಗಳು ಕಳೆದವು. ಶಾವಿಗೆಯ ಜೊತೆ ಹಪ್ಪಳ ಬಂತು, ಸಂಡಿಗೆ ಬಂತು. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಹೆಂಗಸೊಬ್ಬಳು ಮಳೆಗಾಲದಲ್ಲಿ ಬೇಳೆ ರುಬ್ಬಿ ಮಾಡಿದ ಪುಟ್ಟ ವಡೆಗಳನ್ನು ಒಣಗಿಸಿಕೊಳ್ಳಲು ತರುತ್ತಿದ್ದಳು. ಮಸ್ಕಿಯ ಒಂದು ಕಿರಾಣಿ ಅಂಗಡಿಗೆ, ಲಿಂಗಸುಗೂರಿನ ಮದುವೆ ಅಡುಗೆಯವರಿಗೆ ದೊಡ್ಡವ್ವನ ಶಾವಿಗೆಯೇ ಬೇಕಾಯಿತು. ಹೇಗಿದ್ದರೂ ಆ ದಾರಿಯಲ್ಲೇ ಹೋಗುವವಳು ನಾನು, ಗಂಟುಗಳನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಮುಟ್ಟಿಸುತ್ತಿದ್ದೆ. ಆಕೆ ಗದ್ದೆಗೆ ಇಳಿಯುವುದನ್ನು ಬಿಟ್ಟಳು. ಹಬ್ಬಕ್ಕೆ ತುರ್ವಿಹಾಳಕ್ಕೆ ಹೋಗುವಾಗ ಅಣ್ಣನ ಮನೆಗೆ ಚೀಲ ತುಂಬ ಒಯ್ಯುತ್ತಿದ್ದಳು. ಕೊಡುವ ಕೈಯಾಗಿ ಹೋಗುವುದರ ಸುಖವೇ ಬೇರೆ, ಅದು ಆಕೆಯ ನಡಿಗೆಯಲ್ಲೇ ಕಾಣುತ್ತಿತ್ತು.

ಆಗ ಮೊದಲ ಬೇಸಿಗೆಯ ಆ ದೂರು ಎಲ್ಲಿತ್ತೋ ಅಲ್ಲಿಂದ ಎದ್ದು ಬಂತು.

ದೊಡ್ಡ ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆತ್ತನೆ ಮಾತಿನವರು. ಹಳೆಯ ಸಾಹೇಬರು ಬಾಕಿ ಬಿಟ್ಟುಹೋದ ದೂರುಗಳನ್ನೆಲ್ಲ ಒಂದೊಂದಾಗಿ ತೆಗೆದು, ಒಂದನ್ನೂ ಬಿಡದೆ ಪರಿಹರಿಸುತ್ತೇನೆ ಎಂದು ಹೊರಟಿದ್ದರು. ಅಂಥವರು ನೂರಕ್ಕೊಬ್ಬರು ಸಿಗುತ್ತಾರೆ. ನಮ್ಮ ಹಣೆಬರಹಕ್ಕೆ ಸಿಕ್ಕಿದ್ದು ಅವರೇ. ನೆರೆಮನೆಯ ಒಂಟಿ ಹೆಂಗಸಿಗೆ ಇಷ್ಟು ವರ್ಷ ಬಿಸಿಗಾಳಿಯ ಕಾಟ ಕೊಟ್ಟಿದ್ದೇವೆ, ಇದು ನಾಚಿಕೆಗೇಡು, ಎರಡೂ ಡಬ್ಬಿಗಳನ್ನು ತೆಗೆದು ಮಾಳಿಗೆಯ ಮೇಲೆ ಹೊಸವನ್ನು ಕೂರಿಸಬೇಕು ಎಂದು ನನಗೆ ಫೋನಿನಲ್ಲಿ ಹೇಳಿದರು. ದನಿಯಲ್ಲಿ ನಿಜವಾದ ಸಂಕಟ ಇತ್ತು.

ನಾನು ಓಡಿಹೋಗಿ ದೊಡ್ಡವ್ವನಿಗೆ ಹೇಳಿದೆ. ಹಿಟ್ಟು ನಾದುತ್ತಿದ್ದ ಕೈ ಹಾಗೇ ನಿಂತಿತು.

"ನಾ ಆಗ ಸಿಟ್ಟಿಲೆ ಅಂದಿದ್ದೆ. ಈಗ ಬ್ಯಾಡ ಅಂತೀನಿ. ಬ್ಯಾಡ ಅಂದ್ರ ಬಿಡಂಗಿಲ್ಲೇನು?"

"ಬಿಡ್ತಾರ ದೊಡ್ಡವ್ವ. ಅವರ ಬರ್ತಾರಂತ ಮುಂದಿನ ವಾರ. ನೀನ ಹೇಳು," ಎಂದೆ. ನನಗೂ ಹಾಗೆಯೇ ಅನ್ನಿಸಿತ್ತು. ದೂರು ಕೊಟ್ಟವಳೇ ದೂರು ಇಲ್ಲ ಎಂದರೆ ಮುಗಿಯಿತಲ್ಲ.

ಸಾಹೇಬರು ಬಂದರು. ಓಣಿಯಲ್ಲಿ ಹೊರಸು, ಇಳಿಬಿಟ್ಟ ಶಾವಿಗೆ, ಒದ್ದೆ ಸೀರೆ ನೋಡಿ ಮೊದಲು ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಸುಣ್ಣದ ಗೆರೆಯನ್ನೂ ತೋರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ, ನೀವು ಸ್ವಲ್ಪ ಒಳಗೆ ಇರಿ, ಅಮ್ಮನವರ ಜೊತೆ ನಾನೊಬ್ಬನೇ ಮಾತಾಡುತ್ತೇನೆ ಎಂದರು. ನಾನು ಕೋಣೆಯೊಳಗೆ ಹೋಗಿ ಬ್ಯಾಟರಿಗಳ ನಡುವೆ ನಿಂತೆ. ಅಲ್ಲಿ ಏಸಿಯ ಸದ್ದಿನಲ್ಲಿ ಹೊರಗಿನದು ಏನೂ ಕೇಳುವುದಿಲ್ಲ.

ಏನು ಮಾತಾಯಿತು ಎಂದು ಆಮೇಲೆ ದೊಡ್ಡವ್ವನೇ ಹೇಳಿದಳು. ಹೇಳುವಾಗ ಆಕೆಯ ಮುಖ ಗೆದ್ದು ಬಂದವರ ಮುಖದಂತಿತ್ತು.

"ಎಲ್ಲಾ ಹೇಳೀನಿ. ಈ ಗಾಳಿ ದೇವರ ಗಾಳಿ ಐತ್ರೀ ಅಂದೆ. ನನಗೇನೂ ತ್ರಾಸಿಲ್ರೀ ಅಂದೆ. ನಿನ್ನ ಬಗ್ಗೆನೂ ಹೇಳೀನಿ. ಈ ಹುಡುಗಿ ಭಾಳ ಚಲೋ ಅದಾಳ್ರೀ, ನನ್ನ ಮನಿ ಮಗಳಿದ್ದಂಗ, ದಿನಾ ನಮ್ಮ ಮನ್ಯಾಗ ಇರ್ತಾಳ, ನನ್ನ ಶಾವಿಗಿ ಎಲ್ಲಾ ಆಕೀನ ಒಯ್ದು ಮಸ್ಕ್ಯಾಗ, ಲಿಂಗಸೂರಾಗ ಮಾರ್ಕೊಂಡು ಬರ್ತಾಳ್ರೀ, ಆಕಿ ಹೇಳಿದಂಗ ನಾ ಕೇಳ್ತೀನ್ರೀ ಅಂದೆ. ನಿನಗ ಪಗಾರ ಹೆಚ್ಚು ಮಾಡ್ರಿ ಅಂತನೂ ಹೇಳಿ ಬಂದೀನಿ."

ನಮ್ಮ ಊರಿನವರ ರೀತಿಯೇ ಅದು. ಒಬ್ಬರಿಂದ ಒಳ್ಳೆಯದಾಗಿದ್ದರೆ ಅವರ ಮೇಲಿನವರು ಸಿಕ್ಕಾಗ ಬಾಯಿ ತುಂಬ ಹೊಗಳದೆ ಬಿಡುವುದಿಲ್ಲ. ಹೊಗಳಿದರೆ ಅವರಿಗೆ ಒಳ್ಳೆಯದಾಗುತ್ತದೆ ಎಂದು ನಂಬಿದವರು. ಆಕೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೆ ಬೆಂಗಳೂರಿನಿಂದ ಬಂದ ಮನುಷ್ಯನ ಕಿವಿಯಲ್ಲಿ ಆ ಮಾತುಗಳು ಕೂತು ಬೇರೆಯೇ ಒಂದು ಕಥೆ ಆದವು: ಕಂಪನಿಯ ನೌಕರಳೊಬ್ಬಳು ಬಡ ವಿಧವೆಯನ್ನು ಕೈಯಲ್ಲಿಟ್ಟುಕೊಂಡು, ಬಿಸಿಗಾಳಿಯಲ್ಲಿ ದುಡಿಸಿ, ಅವಳ ಸರಕನ್ನು ತಾನೇ ಮಾರುತ್ತಾಳೆ, ದೂರು ಹಿಂದಕ್ಕೆ ತೆಗೆದುಕೋ ಎಂದು ಬಾಯಿಪಾಠವನ್ನೂ ಮಾಡಿಸಿದ್ದಾಳೆ.

ಸಾಹೇಬರು ನನ್ನನ್ನು ಗದರಲಿಲ್ಲ. ಗದರಿದ್ದರೆ ನಾನೂ ಎದುರು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. "ನಿಮ್ಮ ಮೇಲೆ ಯಾವ ಕ್ರಮಾನೂ ಇಲ್ಲ ಮೇಡಂ. ನಿಮ್ಮ ಉದ್ದೇಶ ಕೆಟ್ಟದಿರಲಿಕ್ಕಿಲ್ಲ. ಆದರೆ ಆ ಅಮ್ಮ ಹೆದರಿಕೊಂಡು ಮಾತಾಡ್ತಿದ್ದಾರೆ ಅಂತ ನನಗೆ ಅನ್ನಿಸ್ತು," ಎಂದರು. ದೊಡ್ಡವ್ವ ಹೆದರುವುದೇ! ಕಾರಿಗೆ ಅಡ್ಡ ನಿಂತು ಸಾಹೇಬರನ್ನೇ ಬೆಂದು ನೋಡಲು ಕರೆದವಳು! ನಾನು ಎಷ್ಟು ಹೇಳಿದೆನೋ ಅಷ್ಟೂ ನನ್ನ ಮೇಲಿನ ಅನುಮಾನವನ್ನೇ ಗಟ್ಟಿ ಮಾಡಿತು. ಆಕೆಯನ್ನು ಮತ್ತೆ ಕಳಿಸಿದರೆ ನಾನೇ ಕಳಿಸಿದೆ ಎನ್ನುತ್ತಿದ್ದರು. ಓಣಿಯವರನ್ನು ಕರೆತಂದರೆ ಕಟ್ಟಿಕೊಂಡು ಬಂದಳು ಎನ್ನುತ್ತಿದ್ದರು. ಒಳ್ಳೆಯತನದಿಂದ ಮನಸ್ಸು ಮಾಡಿದವರನ್ನು ತಿರುಗಿಸುವುದಕ್ಕೆ ದಾರಿಯೇ ಇರುವುದಿಲ್ಲ. ಕೆಟ್ಟವರಾದರೆ ಕಾಲಿಗಾದರೂ ಬೀಳಬಹುದು.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಇದು: ಅದೇ ಡಬ್ಬಿಗಳನ್ನು ಅದೇ ಮೊದಲ ಬೇಸಿಗೆಯಲ್ಲಿ ತೆಗೆದಿದ್ದರೆ ಅದು ನ್ಯಾಯವಾಗುತ್ತಿತ್ತು. ಆಕೆಗೆ ನೆಮ್ಮದಿಯಾಗುತ್ತಿತ್ತು, ಕಳೆದುಕೊಳ್ಳುವುದಕ್ಕೆ ಏನೂ ಇರುತ್ತಿರಲಿಲ್ಲ. ಇಷ್ಟು ವರ್ಷ ಕಾಯಿಸಿ, ಬಿಸಿಯನ್ನೇ ಬದುಕು ಮಾಡಿಕೊಳ್ಳಲು ಬಿಟ್ಟು, ಆಮೇಲೆ ಬಂದು ಅದನ್ನು ಕಿತ್ತುಕೊಂಡರು. ಕಿತ್ತುಕೊಂಡವರಿಗೆ ತಾವು ಕೊಟ್ಟೆವು ಎಂಬ ಸಮಾಧಾನ.

ಡಬ್ಬಿ ಇಳಿಸಲು ಆಳುಗಳು ಬಂದ ದಿನ ದೊಡ್ಡವ್ವ ಅವರಿಗೆ ಚಹಾ ಮಾಡಿ ಕೊಟ್ಟಳು. ಬಿಸಿಲಿನಲ್ಲಿ ದುಡಿಯುವವರು, ಅವರದೇನು ತಪ್ಪು ಎಂದಳು. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಬೋಲ್ಟಿನ ತೂತುಗಳು ಮಾತ್ರ ಉಳಿದಿದ್ದವು. ಓಣಿ ಒಮ್ಮೆಲೇ ಸದ್ದಡಗಿತು. ಪಕ್ಕದ ಮನೆಯವರು ಹೊರಗೆ ಬಂದು, "ಅಬ್ಬಾ, ಏನ್ ತಂಪಾಗೈತ್ರೀ! ನಿಮಗಂತೂ ಪುಣ್ಯ ಬಂತು ನೋಡ್ರಿ," ಎಂದರು. ದೊಡ್ಡವ್ವ "ಹೌದ್ರೀ," ಎಂದಳು.

ಮಾಳಿಗೆಯ ಮೇಲೆ ಹೊಸ ಡಬ್ಬಿಗಳು ಆಕಾಶಕ್ಕೆ ಮುಖ ಮಾಡಿ ಬಿಸಿ ಉಗುಳತೊಡಗಿದವು. ಅಲ್ಲಿಗೆ ಹೊರಗಿನವರು ಹತ್ತುವ ಹಾಗಿಲ್ಲ, ಬಾಗಿಲಿಗೆ ಬೀಗ, ಕ್ಯಾಮೆರಾ. ಕೀಲಿ ನನ್ನ ಹತ್ತಿರವೇ ಇರುತ್ತದಲ್ಲ, ನಾನೇ ಹೊರಸು ಏರಿಸುತ್ತೇನೆ, ನಾನೇ ಇಳಿಸುತ್ತೇನೆ, ಆದದ್ದಾಗಲಿ ಎಂದೆ. ಆಕೆ ನನ್ನ ಕಡೆ ತಿರುಗಿ ಕೂತು, ನಾನು ಹಿಂದೆಂದೂ ಕೇಳಿರದ ಸಿಟ್ಟಿನಲ್ಲಿ ಬೈದಳು.

"ತಲಿ ಕೆಟ್ಟೈತೇನು ನಿನಗ? ಮೊದಲ ನಿನ್ನ ಮ್ಯಾಲ ಕಣ್ಣಿಟ್ಟಾರ. ನನ್ನ ಶಾವಿಗಿ ಸಲುವಾಗಿ ನಿನ್ನ ನೌಕರಿ ಹೋದ್ರ ನಾ ಉಣ್ಣು ಅನ್ನ ಗಂಟಲಾಗ ಇಳೀತೈತೇನು? ಇನ್ನೊಮ್ಮಿ ಆ ಮಾತು ಆಡಬ್ಯಾಡ."

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಬರೆಯುವುದಕ್ಕೂ ಬೇಸರ. ಆ ಮಳೆಗಾಲ ಫ್ಯಾನಿನ ಗಾಳಿಗೆ ಒಣಗಿಸಲು ನೋಡಿದಳು, ಎರಡು ಸಲವೂ ಶಾವಿಗೆಗೆ ಬೂಷ್ಟು ಬಂತು. ಗಿರಣಿಯ ಬತ್ತ ಒಣಗಿಸುವ ಕೋಣೆಯಲ್ಲಿ ನಾನು ಕೇಳಿ ಜಾಗ ಮಾಡಿಸಿದೆ, ಆದರೆ ಶಾವಿಗೆಗೆ ತೌಡಿನ ವಾಸನೆ ಹತ್ತಿತು. ಲಿಂಗಸುಗೂರಿನವರು ಹಿಂದಕ್ಕೆ ಕಳಿಸಿದರು. ಬೇಸಿಗೆಯಲ್ಲಿ ಬಿಸಿಲಿತ್ತು, ಆದರೆ ಬೇಸಿಗೆಯಲ್ಲಿ ಕೊಳ್ಳುವವರಿರಲಿಲ್ಲ. ಮುಕ್ಕುಂದದಲ್ಲಿ ನಾಟಿ ಶುರುವಾದಾಗ ನನಗೆ ಹೇಳದೆ ಟಂಟಂ ಆಟೊ ಹತ್ತಿ ಹೋದಳು. ಸಂಜೆ ಇಬ್ಬರು ಹೆಂಗಸರು ಆಕೆಯನ್ನು ತೋಳು ಹಿಡಿದು ಇಳಿಸಿದರು. ಮೊಣಕಾಲು ಕುಂಬಳಕಾಯಿಯಂತೆ ಊದಿಕೊಂಡಿತ್ತು. ನಮ್ಮ ಮನೆಗೆ ಬಾ ಎಂದು ಕರೆದೆ. "ನೀನ ಅತ್ತಿ ಕೈಯಾಗ ಇದ್ದಿ, ನಾ ಎಲ್ಲಿ ಬರ್ಲಿ," ಎಂದು ನಕ್ಕಳು. ಅಣ್ಣ ಬಂದ. ಮನೆಯನ್ನು ಬಾಡಿಗೆಗೆ ಕೊಟ್ಟು, ಪಾತ್ರೆ ಪಗಡೆ ಕಟ್ಟಿಕೊಂಡು ಆಕೆಯನ್ನು ಕರೆದುಕೊಂಡು ಹೋದ.

ನಮ್ಮ ಕೋಣೆಯಲ್ಲಿ ಪ್ರತಿಯೊಂದಕ್ಕೂ ಜೋಡಿ ಇದೆ ಎಂದೆನಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಎದ್ದು ನಿಲ್ಲುವಂತೆ ನಾನೇ ನೋಡಿಕೊಳ್ಳುತ್ತೇನೆ, ಅದರ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ. ದೊಡ್ಡವ್ವನಿಗೆ ಇದ್ದದ್ದು ಒಂದೇ ಗಾಳಿ. ಅಷ್ಟು ವರ್ಷ ದಿನವೂ ಅದನ್ನು ನೋಡುತ್ತಿದ್ದರೂ, ಆ ಗಾಳಿಗೆ ಇನ್ನೊಂದು ಜೊತೆ ಬೇಕು ಎಂದು ನನಗಾಗಲಿ ಆಕೆಗಾಗಲಿ ಹೊಳೆದಿರಲಿಲ್ಲ. ಬೀಸುವ ಗಾಳಿ ನಿಲ್ಲುತ್ತದೆ ಎಂದು ಯಾರಿಗೆ ಅನ್ನಿಸುತ್ತದೆ? ಈಗ ಕೋಣೆಯಲ್ಲಿ ಕೂತಾಗಲೆಲ್ಲ ಇದೇ ಯೋಚನೆ ಬಂದು ಕೊರೆಯುತ್ತದೆ. ಹೊಸ ಡಬ್ಬಿಗಳು ಚೆನ್ನಾಗಿ ಕೆಲಸ ಮಾಡುತ್ತಿವೆ. ಕರೆಂಟು ಮೊದಲಿಗಿಂತ ಕಡಿಮೆ ಸಾಕು. ಸಾಹೇಬರು ನಮ್ಮ ಕೋಣೆಯನ್ನು ಬೇರೆ ಊರಿನವರಿಗೆ ಮಾದರಿಯಾಗಿ ತೋರಿಸುತ್ತಾರಂತೆ.

ಹೋದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ತುರ್ವಿಹಾಳಕ್ಕೆ ಹೋದೆ. ಅಣ್ಣನ ಮನೆ ಆಕೆ ಹೇಳಿದ ಹಾಗೇ ದೊಡ್ಡದು, ಮುಂದೆ ಕಟ್ಟೆ, ಒಳಗೆ ಪಡಸಾಲೆ. ಅತ್ತಿಗೆ ನಗುನಗುತ್ತ ನೀರು ಕೊಟ್ಟು, ಚಹಾ ಕೊಟ್ಟು, ಅಡುಗೆಮನೆಗೆ ಹೋದರು. ಕೆಟ್ಟವರಲ್ಲ, ನಿಜಕ್ಕೂ. ದೊಡ್ಡವ್ವ ಪಡಸಾಲೆಯ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮೈ ತುಸು ತುಂಬಿಕೊಂಡಿತ್ತು. ನನ್ನ ಕೈ ಹಿಡಿದುಕೊಂಡು ಓಣಿಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಬಾಡಿಗೆಯವರು ಕಿಟಕಿ ತೆಗೆದಿಡುತ್ತಾರೋ ಎಂದಳು. ಯಾವಾಗಲೂ ತೆಗೆದೇ ಇರುತ್ತದೆ ಎಂದೆ. "ಚಲೋ ಆತು," ಎಂದಳು.

ಮಾತಾಡುತ್ತ ಮಧ್ಯಾಹ್ನವಾಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಗಿ, ಬದನೆಕಾಯಿ ಪಲ್ಯದ ವಾಸನೆ ಪಡಸಾಲೆಗೆ ಬಂತು. ಹೊಲದಿಂದ ಗಂಡಸರು ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ದೊಡ್ಡವ್ವ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಅಡುಗೆಮನೆಯ ಬಾಗಿಲು ನೋಡಿದಳು. ಊಟಕ್ಕೆ ಏಳಿ ಎಂದು ಒಳಗಿನಿಂದ ಯಾರೂ ಕರೆಯಲಿಲ್ಲ. ಹಬ್ಬದ ಮರುದಿನಗಳು, ಮನೆ ತುಂಬ ಮಂದಿ, ಅತ್ತಿಗೆಗೆ ಗಮನವೂ ಇದ್ದಿರಲಿಕ್ಕಿಲ್ಲ. ದೊಡ್ಡವ್ವ ನನ್ನ ಕೈ ಬಿಟ್ಟು, ಗೋಡೆ ಹಿಡಿದು ಎದ್ದು, ಕುಂಟುತ್ತ ನನ್ನನ್ನು ಕಟ್ಟೆಯವರೆಗೆ ಕರೆತಂದಳು.

"ಹೊತ್ತಾಗೈತಿ ಬೇ, ಇನ್ನ ಹೊಂಡು," ಎಂದಳು, ಮೆಲ್ಲಗೆ. "ಆಮ್ಯಾಲ ನಿನಗ ಬಸ್ ಸಿಗಂಗಿಲ್ಲ."

ಕಟ್ಟೆಯ ಕೆಳಗೆ, ಆಕೆಯ ಕಣ್ಣೆದುರಿಗೇ, ನನ್ನ ಸ್ಕೂಟಿ ನಿಂತಿತ್ತು.

"ಹೌದು ದೊಡ್ಡವ್ವ, ಬಸ್ಸಿಗೆ ಹೊತ್ತಾತು," ಎಂದೆ.